ಪರದೇಶಿಯ ಕಾಯಕ

ಸಂಸ್ಕೃತದಲ್ಲಿ ಪರದೇಶವೆಂದರೆ ಬೇರೆ ನಾಡು. ಪರದೇಶಿಯೆಂದರೆ ಬೇರೆ ನಾಡಿನವನು. ಇಷ್ಟರ ಹೊರತು ಆ ಶಬ್ದದಲ್ಲಿ ದೈನ್ಯವೂ ಇಲ್ಲ, ಹೀನತೆಯೂ ಇಲ್ಲ. ಅದೇ ಶಬ್ದವು ನಮ್ಮ ಸೀಮೆಯ ಬಾಯಿಗೆ ಬಂದ ಮೇಲೆ ದಿಕ್ಕಿಲ್ಲದವನು, ಗತಿಗೆಟ್ಟವನು, ಹೊಡೆದರೂ ಕೇಳುವವರಿಲ್ಲದವನು ಎಂಬ ಅರ್ಥವನ್ನು ತಾಳಿತು. ಇಂಡಿಯಿಂದ ಮುದ್ದೇಬಿಹಾಳದವರೆಗೆ, ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಯಾವ ಓಣಿಯಲ್ಲಿ ನಿಂತು ಕೇಳಿದರೂ ಈ ಮಾತು ಬೈಗಳಾಗಿಯೇ ಕಿವಿಗೆ ಬೀಳುವದು. ಶಬ್ದಗಳ ಅರ್ಥವು ತಾನಾಗಿ ಕೆಡುವದಿಲ್ಲ; ಆಡುವವರ ನಡತೆ ಕೆಟ್ಟಾಗ ಶಬ್ದವೂ ಕೆಡುತ್ತದೆ. ಆದಕಾರಣ ಇದನ್ನು ವ್ಯಾಕರಣದ ಶುಷ್ಕ ಚರ್ಚೆಯೆಂದು ಬಗೆದು ವಾಚಕರು ಪುಟವನ್ನು ಮಗುಚಬಾರದೆಂದು ಪ್ರಾರ್ಥನೆ. ನಾನು ಬರೆಯಹೊರಟದ್ದು ನಮ್ಮ ನಡತೆಯನ್ನು ಕುರಿತು.

ಪ್ರಸಂಗವು ಹೀಗೆ ಒದಗಿತು. ಕಳೆದ ಮಾಘಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಕರೆದಿದ್ದರು. ವಿದ್ಯಾವಂತರು, ಅನುಕೂಲಸ್ಥರು, ಗುರುಹಿರಿಯರಲ್ಲಿ ಭಕ್ತಿಯುಳ್ಳವರು. ಮನೆಯ ಮೇಲೆ ಎರಡನೆಯ ಅಂತಸ್ತಿನ ಕೆಲಸ ನಡೆದಿತ್ತು. ಪಡಸಾಲೆಯ ಗೋಡೆಗೆ ಅವರು ಒಂದು ಜಪಾನೀ ಚಿತ್ರದ ಪ್ರತಿಯನ್ನು ಕನ್ನಡಿಯ ಚೌಕಟ್ಟಿನಲ್ಲಿ ತೂಗಿಸಿದ್ದರು. "ಗುರುಗಳ, ನೋಡ್ರಿ, ಇದು ಜಪಾನದ್ದು. ಕಟ್ಟಿಗಿ ಅಚ್ಚಿನ ಚಿತ್ರರೀ. ಪರದೇಶದ ಹಮಾಲರು ಹಡಗಿಗೆ ಸಾಮಾನ ಹೇರಾಕತ್ತಾರ. ಅವರ ಮೈಕಟ್ಟು ಎಷ್ಟ ಚಂದ ಬರದಾನ ನೋಡ್ರಿ" ಎಂದು ಅಭಿಮಾನದಿಂದ ತೋರಿಸಿದರು. ಚಿತ್ರವು ನಿಜವಾಗಿಯೂ ಚಂದವಿತ್ತು. ಅಷ್ಟರಲ್ಲಿ ಮೇಲೆ ಕೆಲಸಮಾಡುವ ಗೌಂಡಿಗಳಲ್ಲೊಬ್ಬ, ಉತ್ತರದೇಶದ ಹುಡುಗ, ಮೈಯೆಲ್ಲ ಸಿಮೆಂಟಿನ ಧೂಳಾಗಿ ಬಾಗಿಲಲ್ಲಿ ನಿಂತು ಕುಡಿಯಲಿಕ್ಕೆ ನೀರು ಕೇಳಿದನು. ಯಜಮಾನರು ಒಳಗೆ ಕೂಗಿ ಹೇಳಿದರು: "ಆ ಪರದೇಶಿಗೆ ಹಿತ್ತಲದಾಗಿನ ನಳ ತೋರಿಸ್ರಿ. ಒಳಗ ಬಿಡಬ್ಯಾಡ್ರಿ."

ಗೋಡೆಯ ಮೇಲೂ ಹೊರೆಹೊತ್ತ ಪರದೇಶಿ, ಬಾಗಿಲಲ್ಲಿಯೂ ಹೊರೆಹೊತ್ತ ಪರದೇಶಿ. ಒಬ್ಬನಿಗೆ ಚೌಕಟ್ಟು, ಮತ್ತೊಬ್ಬನಿಗೆ ಹಿತ್ತಲು. ನಾನು ಚಹಾ ಕುಡಿದು ಸುಮ್ಮನೆ ಬಂದೆನು. ಆ ಮೌನವು ನನ್ನ ತಪ್ಪು. ಈ ಲೇಖವು ಅದರ ಪ್ರಾಯಶ್ಚಿತ್ತವೆಂದು ತಿಳಿಯಬೇಕು.

ಮೊದಲು ಆ ಚಿತ್ರದ ಸಂಗತಿ. ಜಪಾನವು ಎರಡು ಶತಮಾನಕ್ಕೂ ಮಿಕ್ಕಿ ಪರರಿಗೆ ಬಾಗಿಲು ಹಾಕಿಕೊಂಡಿತ್ತು. ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ, ಅದೂ ೧೬೪೧ರಿಂದ ನಾಗಾಸಾಕಿಯ ದೆಜಿಮಾ ಎಂಬ ಚಿಕ್ಕ ನಡುಗಡ್ಡೆಯಲ್ಲಿ ಇರಲು ಅಪ್ಪಣೆಯಿತ್ತು. ೧೮೫೩ರಲ್ಲಿ ಅಮೇರಿಕೆಯ ಪೆರಿಯು ಯುದ್ಧನೌಕೆಗಳೊಡನೆ ಬಂದನು, ೧೮೫೮ರಲ್ಲಿ ಒಪ್ಪಂದಗಳಾದವು, ೧೮೫೯ರಲ್ಲಿ ಯೊಕೊಹಾಮಾ ಬಂದರವು ತೆರೆಯಿತು. ಅಮೇರಿಕೆ, ಇಂಗ್ಲಂಡ, ಫ್ರಾನ್ಸ, ರಶಿಯಾ, ಹಾಲಂಡ ಈ ಐದು ದೇಶಗಳವರು ಅಲ್ಲಿ ಬಂದಿಳಿದರು. ಇಂಥ ಜನರನ್ನು ಕಣ್ಣಿನಿಂದ ಕಾಣದಿದ್ದ ಎಡೋ ನಗರದ ಜನಕ್ಕೆ ಅಪಾರವಾದ ಕುತೂಹಲ. ಅದನ್ನು ತಣಿಸಲು ಪ್ರಕಾಶಕರು ಹೊರತಂದ ಚಿತ್ರಗಳಿಗೆ 'ಯೊಕೊಹಾಮಾ-ಎ', ಎಂದರೆ ಯೊಕೊಹಾಮದ ಚಿತ್ರಗಳೆಂದು ಹೆಸರು. ೧೮೬೦, ೧೮೬೧ನೆಯ ಇಸವಿಗಳಲ್ಲಿ ಇವುಗಳ ಭರಾಟೆ ಬಹಳ. ನಮ್ಮ ಮಿತ್ರರ ಪಡಸಾಲೆಯಲ್ಲಿದ್ದದ್ದು ಸದಾಹಿದೆ ಎಂಬ ಚಿತ್ರಕಾರನು ೧೮೬೧ರಲ್ಲಿ ಐದು ಹಾಳೆಗಳನ್ನು ಜೋಡಿಸಿ ರಚಿಸಿದ ದೊಡ್ಡ ಚಿತ್ರದ ಪ್ರತಿ. ಯೊಕೊಹಾಮದಲ್ಲಿ ಪಾಶ್ಚಾತ್ಯ ವ್ಯಾಪಾರಸ್ಥರು ಸರಕು ಸಾಗಿಸುವ ದೃಶ್ಯ.

ಇದು ಅರಮನೆಯ ಕಲೆಯಲ್ಲವೆಂಬದನ್ನು ಲಕ್ಷ್ಯದಲ್ಲಿಡಬೇಕು. ಚಿತ್ರಕಾರನು ತೆಳುವಾದ ಕಾಗದದ ಮೇಲೆ ಗೆರೆ ಬರೆಯುವನು. ಕೆತ್ತುವವನು ಅದನ್ನು ಚೆರಿಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನುಳಿಸಿ ಮಿಕ್ಕದ್ದನ್ನು ಉಳಿಯಿಂದ ತೆಗೆಯುವನು. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಮುದ್ರಿಸುವವನು ಬಣ್ಣ ಸವರಿ, ಕಾಗದವಿಟ್ಟು, ಬಿದಿರಿನ ಸೊಗಟೆ ಸುತ್ತಿದ ದುಂಡನೆಯ ಉಪಕರಣದಿಂದ ಕೈಯಲ್ಲಿಯೇ ತಿಕ್ಕುವನು. ಬಂಡವಾಳ ಹಾಕುವ ಪ್ರಕಾಶಕನು ನಾಲ್ಕನೆಯವನು. ಹೀಗೆ ನಾಲ್ಕು ಕಸಬಿನವರ ಕೈಗೂಡಿ ಹುಟ್ಟಿದ ಅಗ್ಗದ ಸರಕು ಅದು. ಅಂಗಡಿಕಾರನೂ ಕೂಲಿಕಾರನೂ ಕೊಳ್ಳುತ್ತಿದ್ದರು. ದುಡಿಯುವವರ ಕೈಯಿಂದ ದುಡಿಯುವವರ ಚಿತ್ರ, ದುಡಿಯುವವರ ಮನೆಗೆ! ಇದನ್ನು ಈಗ ಶ್ರೀಮಂತರ ಗೋಡೆಯ ಅಲಂಕಾರವೆಂದು ಮಾತ್ರ ತಿಳಿದರೆ ಅರ್ಧವೇ ತಿಳಿದಂತಾಯಿತು.

ಈ ಚಿತ್ರಗಳಲ್ಲಿ ದೋಷಗಳಿಲ್ಲವೆಂದು ನಾನು ಹೇಳುವದಿಲ್ಲ. ಕೆಲವರು ಯೊಕೊಹಾಮಕ್ಕೆ ಹೋಗದೆಯೇ ಲಂಡನದ ಸಚಿತ್ರ ಪತ್ರಿಕೆಗಳನ್ನು ನೋಡಿ ನಕಲು ಮಾಡಿದರು; ಒಂದು ದೇಶದ ಉಡುಪನ್ನು ಮತ್ತೊಂದು ದೇಶದವರಿಗೆ ತೊಡಿಸಿದರು. ಆದರೂ ಅವರ ಕಣ್ಣು ಎಲ್ಲಿ ನಿಂತಿತೆಂಬದನ್ನು ನೋಡಿರಿ. ಹೊರೆಯನ್ನು ಹೇಗೆ ಹೆಗಲಿಗೇರಿಸುವನು? ಹಗ್ಗದೇಣಿಯನ್ನು ಹೇಗೆ ಹತ್ತುವನು? ಅಡಿಗೆಯವನು, ಬಡಗಿ, ಹೊಲಿಗೆಯಂತ್ರದ ಮುಂದೆ ಕುಳಿತ ಹೆಂಗಸು, ಇವರೆಲ್ಲ ಆ ಕಾಲದ ಚಿತ್ರಗಳಲ್ಲಿ ಬರುವರು. ಪರದೇಶಿಯ ಕುಲವನ್ನಾಗಲಿ ಎಂಜಲನ್ನಾಗಲಿ ಅವರು ಬರೆಯಲಿಲ್ಲ. ಅವನ ಕಾಯಕವನ್ನು ಬರೆದರು. ಸದಾಹಿದೆಯು ಅಷ್ಟಕ್ಕೇ ತೃಪ್ತನಾಗದೆ ಆ ಬಂದರದಲ್ಲಿ ತಾನು ಕಂಡುಕೇಳಿದ್ದನ್ನೆಲ್ಲ ೧೮೬೨ರಿಂದ ಸಂಪುಟಗಳಾಗಿ ಬರೆದು ಪ್ರಕಟಿಸಿದನು.

ಜಪಾನಿನವರೆಲ್ಲ ಸಾಧುಗಳಾಗಿದ್ದರೆಂದೂ ತಿಳಿಯಬೇಕಾಗಿಲ್ಲ. ಪರದೇಶಿಗಳನ್ನು ಅಟ್ಟಬೇಕೆಂಬ ಕೂಗು ಅದೇ ಕಾಲದಲ್ಲಿ ಅಲ್ಲಿ ಎದ್ದಿತ್ತು. ೧೮೬೨ರಲ್ಲಿ ಯೊಕೊಹಾಮದ ಸಮೀಪದ ನಮಾಮುಗಿ ಎಂಬ ಹಳ್ಳಿಯಲ್ಲಿ ರಿಚರ್ಡಸನ್ ಎಂಬ ಇಂಗ್ರೇಜಿ ವ್ಯಾಪಾರಿಯನ್ನು ಸತ್ಸುಮಾ ಸಂಸ್ಥಾನದ ಭಟರು ಹಾದಿಯಲ್ಲಿಯೇ ಕಡಿದರು. ಒಂದೇ ಊರ ಸುತ್ತಿನಲ್ಲಿ ಕತ್ತಿಯೂ ಇತ್ತು, ಉಳಿಯೂ ಇತ್ತು. ಕತ್ತಿಯು ಆ ಸಂಸ್ಥಾನಕ್ಕೆ ತಂದುಕೊಟ್ಟದ್ದು ಮರುವರ್ಷ ಇಂಗ್ರೇಜರ ತೋಪುಗಳು ಕಾಗೋಶಿಮಾ ಪಟ್ಟಣದ ಮೇಲೆ ಸುರಿಸಿದ ಬೆಂಕಿ. ಉಳಿಯು ಕೊಟ್ಟದ್ದು, ಇಂದಿಗೂ ಜಗತ್ತು ನೋಡಿ ಸಂತೋಷಪಡುವ ಈ ಚಿತ್ರಗಳು. ಎರಡರಲ್ಲಿ ಯಾವುದು ನಮಗೆ ಮೇಲ್ಪಂಕ್ತಿಯಾಗಬೇಕು?

ಇಲ್ಲಿ ಕೆಲವರು, "ಜಪಾನಿನವರಿಗೆ ಆ ದೃಷ್ಟಿ ಇತ್ತು, ನಮ್ಮವರಿಗೆಲ್ಲಿಯದು?" ಎಂದು ಕೈಚೆಲ್ಲುವರು. ಇದು ಪರಮ ಅಜ್ಞಾನವು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳನ್ನು ನೋಡಿ ಬನ್ನಿರಿ. ಎತ್ತರದ ಟೊಪ್ಪಿಗೆಯ ಪರದೇಶಿಗಳು ಕುದುರೆಗಳನ್ನು ಹಿಡಿದು ನಡೆಸುವರು, ಕೆಲವರು ಕುಣಿಯುವರು. ಅರಬಸ್ಥಾನ, ಪಾರಸಗಳಿಂದ ಸಮುದ್ರದ ಮೇಲೆ ಗೋವೆ, ಭಟಕಳಗಳಿಗೆ ಬಂದಿಳಿದ ಕುದುರೆಗಳಿಲ್ಲದೆ ವಿಜಯನಗರದ ದಂಡು ಇರಲಿಲ್ಲ. ಅವುಗಳನ್ನು ತಂದವರ ಕೆಲಸವನ್ನು ನಮ್ಮ ಕಲ್ಲುಕುಟಿಗನು ಯೊಕೊಹಾಮದ ಚಿತ್ರಕಾರನಿಗಿಂತ ಮುನ್ನೂರು ವರುಷಕ್ಕೂ ಮೊದಲೇ ಕಲ್ಲಿನಲ್ಲಿ ನಿಲ್ಲಿಸಿದ್ದಾನೆ, ಅದೂ ಅರಸನ ಉತ್ಸವದ ಜಗತಿಯ ಮೇಲೆಯೇ.

ಅಷ್ಟು ದೂರ ಹೋಗಲು ಸಾಧ್ಯವಾಗದವರು ವಿಜಯಪುರದಿಂದ ಮೂಡಲಿಗೆ ಸುಮಾರು ಹತ್ತು ಮೈಲಿನ ಮೇಲಿರುವ ಕುಮಟಗಿಗೆ ಹೋಗಲಿ. ಆದಿಲಶಾಹಿ ಕಾಲದ ಜಲಮಹಲುಗಳೂ ಕಾರಂಜಿಗಳೂ ಅಲ್ಲಿವೆ. ಒಂದು ಮಂಟಪದ ಗೋಡೆಗಳ ಮೇಲೆ ಕುದುರೆಯ ಮೇಲೆ ಚೆಂಡಾಡುವವರು, ಕುಸ್ತಿಯ ಪೈಲವಾನರು, ಇವರ ಸಂಗಡ ಪರದೇಶೀ ವೇಷದವರೂ ಚಿತ್ರಿತರಾಗಿದ್ದರೆಂಬದು ಹಳೆಯ ವರ್ಣನೆಗಳಿಂದ ತಿಳಿದುಬರುವದು. ಈಗ ಅಲ್ಲಿ ಬಣ್ಣವು ಮಾಸಿದೆ, ಗಿಲಾವು ಉದುರಿದೆ. ಉಳಿದ ಜಾಗದಲ್ಲಿ ನಮ್ಮ ಕಾಲದ ಪ್ರೇಮಿಗಳೂ ಪ್ರವಾಸಿಗಳೂ ತಮ್ಮ ನಾಮಧೇಯಗಳನ್ನು ಕೊರೆದಿದ್ದಾರೆ. ಜಪಾನಿನ ಕಾಗದದ ಚಿತ್ರವು ನೂರಾರು ಪ್ರತಿಗಳಾಗಿ ಹರಡಿದ್ದರಿಂದ ಒಂದು ಹಾಳಾದರೆ ಮತ್ತೊಂದು ಉಳಿಯಿತು. ನಮ್ಮ ಗೋಡೆಯ ಚಿತ್ರವು ಒಂದೇ. ಒಬ್ಬ ಮೂರ್ಖನ ಮೊಳೆಯು ಸಾಕು ಅದಕ್ಕೆ. ದೂರದ ಚಿತ್ರಕ್ಕೆ ಕನ್ನಡಿ ಹಾಕಿಸುವ ನಾವು ಹತ್ತಿರದ ಚಿತ್ರಕ್ಕೆ ಮೊಳೆ ಹೊಡೆಯುವೆವು.

ಇನ್ನು ಇತಿಹಾಸದ ಮಾತು. ವಿಜಯಪುರವೆಂಬ ರಾಜಧಾನಿಯನ್ನು ಕಟ್ಟಿದವರಾರು? ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫ ಆದಿಲಖಾನನೇ ಪರದೇಶದಿಂದ ಬಂದವನು. ಪ್ರವಾಸಿಗಳು ಮುಗಿಬಿದ್ದು ನೋಡುವ ಮಲಿಕ್-ಎ-ಮೈದಾನ ತೋಫನ್ನು ೧೫೪೯ರಲ್ಲಿ ಅಹಮದನಗರದಲ್ಲಿ ಎರಕಹೊಯ್ದವನು ರೂಮೀ ಎಂದು ಕರೆಯಿಸಿಕೊಂಡ ತುರ್ಕದೇಶದ ಮಹಮ್ಮದನು. ಎರಡನೆಯ ಇಬ್ರಾಹೀಮ ಆದಿಲಶಹನ (೧೫೮೦-೧೬೨೭) ದರಬಾರಿನಲ್ಲಿ ಹಾಲಂಡದ ಹಾರ್ಲೆಮ್ ಊರಿನ ಹೇಡಾ ಎಂಬ ಚಿತ್ರಕಾರನು ಕೆಲಸಕ್ಕಿದ್ದನು. ಪ್ರಾಗ ನಗರದ ಚಕ್ರವರ್ತಿಯ ಸೇವೆಯಲ್ಲಿದ್ದವನು ಗೋವೆಯ ಮಾರ್ಗವಾಗಿ ನಮ್ಮ ಸೀಮೆಗೆ ಬಂದು ಸೇರಿ, ಇಲ್ಲಿಯ ಸುಲ್ತಾನನ ಮೆಚ್ಚುಗೆ ಗಳಿಸಿದನು. ನಾವು ಎದೆತಟ್ಟಿ 'ನಮ್ಮದು' ಎಂದು ಹೇಳಿಕೊಳ್ಳುವದರಲ್ಲಿ ಪರದೇಶಿಗಳ ಬೆವರು ಎಷ್ಟು ಬೆರೆತಿದೆಯೆಂಬದನ್ನು ಯಾರು ಅಳೆಯಬಲ್ಲರು?

ಪರದೇಶಿಯನ್ನು ದ್ವೇಷಿಸಿದ್ದರ ಫಲವನ್ನೂ ಇದೇ ಇತಿಹಾಸವು ಹೇಳಿದೆ. ಬಹಮನೀ ರಾಜ್ಯದಲ್ಲಿ ದಖನಿಗಳೆಂದೂ ಆಫಾಕಿಗಳೆಂದೂ, ಎಂದರೆ ನಾಡಿನವರೆಂದೂ ಹೊರಗಿನವರೆಂದೂ, ಎರಡು ಪಂಗಡಗಳಾದವು. ಗೀಲಾನ ದೇಶದಿಂದ ಬಂದು ಮಂತ್ರಿಯಾಗಿ, ೧೪೭೨ರಲ್ಲಿ ಬೀದರದ ಮದರಸೆಯನ್ನು ಕಟ್ಟಿಸಿದ ಮಹಮೂದ ಗವಾನನ ಮೇಲೆ ವಿರೋಧಿಗಳು ಸುಳ್ಳುಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನನು ವಿಚಾರಿಸದೆ ೧೪೮೧ರಲ್ಲಿ ಅವನ ತಲೆ ಹೊಡೆಯಿಸಿದನು. ಆ ಮೇಲೆ ಕೆಲವೇ ವರ್ಷಗಳಲ್ಲಿ ರಾಜ್ಯವು ಒಡೆಯತೊಡಗಿ, ಕಡೆಗೆ ಐದು ಹೋಳಾಯಿತು. ದುಡಿಯುವ ಪರದೇಶಿಯ ಕೊರಳನ್ನು ಕೊಯ್ದ ಕತ್ತಿಯು ಮನೆಯ ಕಂಬವನ್ನೂ ಕೊಯ್ದಿತು.

ಇಷ್ಟಕ್ಕೂ ನಾವು ಎಲ್ಲ ಪರದೇಶಿಗಳನ್ನೂ ಹೀಗಳೆಯುವೆವೆ? ಇಲ್ಲ. ಜರ್ಮನಿಯಿಂದ ಬಂದು ೧೮೯೪ರಲ್ಲಿ ಕನ್ನಡದ ಮಹಾಕೋಶವನ್ನು ಕೊಟ್ಟ ಕಿಟೆಲರ ಹೆಸರನ್ನು ನಾನೂ ನೀವೂ ಕೈಮುಗಿದೇ ಹೇಳುವೆವು, ಹೇಳತಕ್ಕದ್ದೇ. ನಮ್ಮ ಶಿಲಾಶಾಸನಗಳನ್ನು ಓದಿದ ಫ್ಲೀಟ ಸಾಹೇಬರನ್ನು ಸಾಹೇಬರೆಂದೇ ಕರೆಯುವೆವು. ಕಿಟೆಲರನ್ನು ಯಾರೂ ಪರದೇಶಿಯೆಂದದ್ದನ್ನು ನಾನು ಕೇಳಿಲ್ಲ. ಏಳುಸಮುದ್ರದ ಆಚೆಯವರು ಪರದೇಶಿಯಲ್ಲ. ಇದೇ ಭರತಖಂಡದ ಬಿಹಾರದವನು, ಒರಿಸ್ಸಾದವನು ಪರದೇಶಿ! ಅಂದಮೇಲೆ ನಮ್ಮ ತಿರಸ್ಕಾರವು ದೇಶಾಂತರವನ್ನು ಕುರಿತದ್ದಲ್ಲ, ದಾರಿದ್ರ್ಯವನ್ನು ಕುರಿತದ್ದು. ಹೀಗೆಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ಅದಕ್ಕೆ ನಾಡಿನ ಅಭಿಮಾನವೆಂದು ಸುಂದರವಾದ ಹೆಸರಿಟ್ಟುಕೊಂಡಿದ್ದೇವೆ.

ಈಗ ಪೂರ್ವಪಕ್ಷಗಳನ್ನು ನೋಡೋಣ. ಮೊದಲನೆಯದು: "ಹೊರಗಿನವರು ಬಂದು ನಮ್ಮ ಹುಡುಗರ ಅನ್ನ ಕಸಿಯುವರು." ಇದು ಹಗುರಾದ ಮಾತಲ್ಲ. ಊರ ಗೌಂಡಿಗೆ ಕೆಲಸವಿಲ್ಲದೆ, ಹೊರಗಿನವನು ಕಡಿಮೆ ಪಗಾರಕ್ಕೆ ದುಡಿದರೆ ಸಂಕಟವಾಗುವದು ಸಹಜ. ಆದರೆ ಪಗಾರವನ್ನು ಕಡಿಮೆ ಮಾಡಿದವರಾರು? ಕೆಲಸಗಾರನೆ? ಗುತ್ತೇದಾರನೂ, ಅಗ್ಗವಾಯಿತೆಂದು ಹಿಗ್ಗುವ ಮನೆಯ ಯಜಮಾನನೂ ಅಲ್ಲವೆ? ಹೊರರಾಜ್ಯದಿಂದ ಕೂಲಿಗಳನ್ನು ತರುವ ಗುತ್ತೇದಾರನು ಪರವಾನಿಗೆ ಪಡೆಯಬೇಕು, ಅವರಿಗೆ ಸ್ಥಳಾಂತರದ ಭತ್ತೆಯನ್ನೂ ಪ್ರವಾಸದ ಭತ್ತೆಯನ್ನೂ ಕೊಡಬೇಕೆಂದು ೧೯೭೯ರಲ್ಲಿಯೇ ಸಂಸತ್ತು ಕಾಯಿದೆ ಮಾಡಿತು. ೨೦೨೦ರಲ್ಲಿ ಆ ವಿಷಯವನ್ನು ಹೊಸ ಸಂಹಿತೆಯಲ್ಲಿ ಸೇರಿಸಿತು. ಅನ್ನದ ಚಿಂತೆಯುಳ್ಳವರು ಗುತ್ತೇದಾರನಿಗೆ ಲೆಕ್ಕ ಕೇಳಲಿ. ಇಬ್ಬರಿಗೂ ಸಮನಾದ ಪಗಾರವಿದ್ದರೆ ಊರವನನ್ನು ಬಿಟ್ಟು ದೂರದವನನ್ನು ತರುವ ಲಾಭವೇ ಉಳಿಯದು. ಅದನ್ನು ಬಿಟ್ಟು ನೀರು ಕೇಳಿದವನ ಮೇಲೆ ಸಿಟ್ಟಾಗುವದು ಕತ್ತೆಯ ಸಿಟ್ಟನ್ನು ಹೊರೆಯ ಮೇಲೆ ತೀರಿಸಿದಂತೆ.

ಎರಡನೆಯದು: "ಅವರಿಗೆ ಕನ್ನಡ ಬಾರದು." ನಿಜ, ಬರಬೇಕು. ಈ ನೆಲದಲ್ಲಿ ದುಡಿದು ಉಣ್ಣುವವನು ಈ ನೆಲದ ಮಾತನ್ನು ಕಲಿಯತಕ್ಕದ್ದೆಂಬಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಕಲಿಸುವವರಾರು? ಹಿತ್ತಲಿಗೆ ಅಟ್ಟಿದವನು ಕನ್ನಡವನ್ನು ಯಾರಿಂದ ಕಲಿಯಬೇಕು? ಸಂಪ್ರದಾಯವು ಹೇಳುವ ಮೋಳಿಗೆಯ ಮಾರಯ್ಯನ ಕಥೆಯನ್ನು ನೆನೆಯಿರಿ. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರುವ ಕಾಯಕ ಹಿಡಿದನು. ಅವನೂ ಅವನ ಹೆಂಡತಿ ಮಹಾದೇವಿಯೂ ಕನ್ನಡದಲ್ಲಿ ವಚನಗಳನ್ನು ಬರೆದರು. ಹೊರೆಹೊತ್ತ ಪರದೇಶಿಯು ಕನ್ನಡದ ಕವಿಯಾದದ್ದು ಹೇಗೆ? ಕಲ್ಯಾಣದವರು ಅವನನ್ನು ಹಿತ್ತಲಿಗೆ ಕಳಿಸಲಿಲ್ಲ, ಅನುಭವದ ಗೋಷ್ಠಿಯಲ್ಲಿ ಸಂಗಡ ಕೂಡ್ರಿಸಿಕೊಂಡರು. ಆ ಗೋಷ್ಠಿಯನ್ನು ನಡೆಸಿದ ಬಸವಣ್ಣನವರು ಹುಟ್ಟಿದ್ದು ನಮ್ಮ ಬಾಗೇವಾಡಿಯಲ್ಲಿ. ಜಯಂತಿಯ ದಿನ ಮೆರವಣಿಗೆ ತೆಗೆದು ಮರುದಿನ ಹೊರೆಹೊತ್ತವನನ್ನು ಪರದೇಶಿಯೆಂದು ಜರಿಯುವ ನಮಗೆ ಆ ಊರ ಹೆಸರನ್ನು ಹೇಳುವ ಅಧಿಕಾರವುಂಟೆ?

ಮೂರನೆಯದು: "ಚಿತ್ರವು ಚಿತ್ರ, ವ್ಯವಹಾರವು ವ್ಯವಹಾರ, ಎರಡನ್ನೂ ಕಲಸಬಾರದು." ಈ ಮಾತನ್ನು ವಿದ್ಯಾವಂತರೇ ಹೆಚ್ಚಾಗಿ ಆಡುವರು. ರಸಾಸ್ವಾದವೆಂಬದು ಸಹೃದಯನಿಗೆ ಸಲ್ಲುವದೆಂದು ನಮ್ಮ ಆಲಂಕಾರಿಕರ ಮತ. ಸಹೃದಯನೆಂದರೆ ಕಂಡದ್ದರೊಡನೆ ಹೃದಯವು ಮಿಡಿಯುವವನು. ಚಿತ್ರದ ಹಮಾಲನಿಗೆ ಮಿಡಿದು ಬಾಗಿಲ ಹಮಾಲನಿಗೆ ಮಿಡಿಯದ ಹೃದಯವು ಹೃದಯವಲ್ಲ, ಗೋಡೆಯ ಅಳತೆ ನೋಡುವ ಕಣ್ಣು ಮಾತ್ರ.

ಕಟ್ಟಕಡೆಗೆ, ಎಲ್ಲಕ್ಕೂ ಮಿಗಿಲಾದ ಸಂಗತಿ. ನಾವೇ ಪರದೇಶಿಗಳು! ನಮ್ಮ ಈ ನಾಲ್ಕು ತಾಲೂಕುಗಳ ಹಳ್ಳಿಗಳಿಂದ, ತಾಂಡೆಗಳಿಂದ ಗೋವೆಗೆ, ಮುಂಬಯಿ-ಪುಣೆಗಳಿಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳೆಷ್ಟು! ಮಳೆ ಕೈಕೊಟ್ಟ ವರುಷ ಮುದುಕರೂ ಮಕ್ಕಳೂ ಮಾತ್ರ ಉಳಿಯುವ ಮನೆಗಳನ್ನು ನಾನು ಕಂಡಿದ್ದೇನೆ. ಗೋವೆಯ ಬಂಗಲೆಗಳ ತಳಪಾಯಕ್ಕೆ ಬುಟ್ಟಿ ಹೊತ್ತವರು ನಮ್ಮ ಅಕ್ಕತಂಗಿಯರು. ಅಲ್ಲಿ ಅವರನ್ನು 'ಘಾಟಿ'ಗಳೆಂದು ಮೂಗು ಮುರಿಯುವರು. ೨೦೨೦ರ ಮಹಾಮಾರಿಯ ಕಾಲಕ್ಕೆ ಎಲ್ಲವೂ ಬಂದಾದಾಗ ಗಂಟುಮೂಟೆ ಹೊತ್ತು, ಕೂಸುಗಳನ್ನು ಎತ್ತಿಕೊಂಡು ನಡೆದು ಬಂದವರೂ ಅವರೇ. ಆಗ ನಮ್ಮ ಕಣ್ಣಲ್ಲಿ ನೀರಿತ್ತು. ಗೋವೆಯಲ್ಲಿ 'ಘಾಟಿ' ಎಂದದ್ದು ಅನ್ಯಾಯವಾದರೆ ಇಲ್ಲಿ 'ಪರದೇಶಿ' ಎಂಬದು ಯಾವ ನ್ಯಾಯ?

ನಾನು ಪರರನ್ನು ಮಾತ್ರ ದೂರುತ್ತಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ತಾಯಿತಂದೆ ಗೋವೆಗೆ ದುಡಿಯಲು ಹೋಗಿ, ಅವನು ಅಜ್ಜಿಯ ಹತ್ತಿರ ಬೆಳೆಯುತ್ತಿದ್ದನು. ಒಂದು ದಿವಸ ಪಾಠ ಒಪ್ಪಿಸದ ಸಿಟ್ಟಿನಲ್ಲಿ "ಪರದೇಶಿ ಹಂಗ ನಿಂತೀಯಲ್ಲೋ" ಎಂದು ಎಲ್ಲರೆದುರಿಗೆ ಅಂದೆನು. ಹುಡುಗರು ನಕ್ಕರು. ಅವನು ಅಳಲಿಲ್ಲ, ಪಾಟಿ ತೆಗೆದುಕೊಂಡು ಮನೆಗೆ ಹೋದನು, ಮತ್ತೆ ಬರಲಿಲ್ಲ. ಎರಡು ಸಲ ಅಜ್ಜಿಯ ಮನೆಗೆ ಹೋಗಿ ಕರೆದೆನು. "ಅವ್ವನ ಕಡೆ ಹ್ವಾದ್ನಿರೀ, ಅಲ್ಲೇ ಕೆಲಸಕ್ಕ ಹತ್ಯಾನ" ಎಂದಳು ಮುದುಕಿ. ಅಮರಕೋಶವನ್ನು ಕಂಠಪಾಠ ಮಾಡಿದ್ದ ನನಗೆ ಒಂದು ಶಬ್ದದ ತೂಕವು ಗೊತ್ತಿರಲಿಲ್ಲ. ಪಡಸಾಲೆಯ ಯಜಮಾನರೂ ನನ್ನ ಕೈಯಲ್ಲಿಯೇ ಕಲಿತವರೆಂಬದನ್ನು ಬರೆಯುವಾಗ ಲೇಖನಿಯು ತಡೆಯುತ್ತದೆ.

ಬರಿಯ ಆಕ್ಷೇಪಣೆಯಿಂದ ಪ್ರಯೋಜನವಿಲ್ಲ. ನಮ್ಮ ಸಂಘದ ಸದಸ್ಯರ ಮುಂದೆ ಮೂರು ಸೂಚನೆಗಳನ್ನಿಡುವೆನು. ಒಂದು: ಬರುವ ಬೇಸಗೆಯ ಒಳಗಾಗಿ ಚಿತ್ರಕಲೆಯ ಶಿಕ್ಷಕರನ್ನು ಕರೆದುಕೊಂಡು ಕುಮಟಗಿಗೆ ಹೋಗಿ, ಗೋಡೆಯ ಮೇಲೆ ಕಾಣುವಷ್ಟನ್ನು, ಗೋಡೆಗೆ ಕೈ ಸೋಂಕಿಸದೆ, ಛಾಯಾಚಿತ್ರದಲ್ಲಿಯೂ ರೇಖೆಯಲ್ಲಿಯೂ ಇಳಿಸಿಕೊಳ್ಳತಕ್ಕದ್ದು, ಅದರ ಪ್ರತಿಗಳು ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿರಬೇಕು. ಎರಡು: ಶಾಲೆಯ ಮಕ್ಕಳಿಗೆ ಗುಡ್ಡ, ಸೂರ್ಯ, ತೆಂಗಿನಮರಗಳ ಚಿತ್ರವು ಸಾಕು; ಇನ್ನು ಮೇಲೆ ತಮ್ಮ ಊರಲ್ಲಿ ದುಡಿಯುವ ಹೊರಗಿನವರನ್ನು, ಫರಸಿ ಹಾಸುವವನನ್ನು, ಖಾನಾವಳಿಯಲ್ಲಿ ಪಾತ್ರೆ ತೊಳೆಯುವ ಹುಡುಗನನ್ನು ನೋಡಿ ಬರೆಯಲಿ, ಹೆಸರು ಕೇಳಿಕೊಂಡು ಚಿತ್ರದ ಕೆಳಗೆ ಬರೆಯಲಿ. ಹೆಸರು ತಿಳಿದವನನ್ನು ಪರದೇಶಿಯೆನ್ನುವದು ಕಠಿಣ. ಮೂರು: ವಾರಕ್ಕೆರಡು ಸಂಜೆ ಅವರಿಗೆ ಕನ್ನಡ ಕಲಿಸುವ ಏರ್ಪಾಡಾಗಬೇಕು. ಕಲಿಸಲು ನಾನು ಸಿದ್ಧನು. ನನ್ನ ಮನೆಯ ಕಟ್ಟೆ ದೊಡ್ಡದಿದೆ, ದೀಪವೂ ಇದೆ.

ಆ ಮಿತ್ರರ ಮನೆಗೆ ನಾನು ಮತ್ತೊಮ್ಮೆ ಹೋಗುವೆನು. ಚಿತ್ರವನ್ನು ತೆಗೆಯಿರೆಂದು ಹೇಳುವದಿಲ್ಲ. ಅದು ಅಲ್ಲಿಯೇ ಇರಲಿ. ಅದರ ಕೆಳಗೆ ಒಂದು ತಂಬಿಗೆ ನೀರನ್ನೂ ಒಂದು ಲೋಟವನ್ನೂ ಇಡಿರೆಂದು ಮಾತ್ರ ಕೇಳುವೆನು. ಗುರುವಿನ ಮಾತನ್ನು ಅವರು ಹಿಂದೆ ಮೀರಿದವರಲ್ಲ.